ರೈಲ್ವೆ ಗೇಟಿನ ಸೀಟಿ: ಮಾರತ್ತಹಳ್ಳಿಯ ಆಸುಪಾಸಿನ ಒಂದು ಚರಿತ್ರೆ

ಬೈಯಪ್ಪನಹಳ್ಳಿಯಲ್ಲಿ ಕವಲೊಡೆದು ಕಗ್ಗದಾಸಪುರ, ಮಾರತ್ತಹಳ್ಳಿ, ಪಣತ್ತೂರುಗಳ ಬದಿಯಿಂದ ಹಾದು, ಕಾರ್ಮೆಲರಾಂ ಹೀಲಲಿಗೆಗಳ ಮೂಲಕ ಹೊಸೂರಿಗೂ ಅಲ್ಲಿಂದ ಸೇಲಂಗೂ ಹೋಗುವ ರೈಲುದಾರಿ ಬೆಂಗಳೂರಿನ ಮಟ್ಟಿಗೆ ತೀರಾ ಹಳೆಯದೇನಲ್ಲ. ಮದರಾಸು ರೈಲ್ವೆಯವರು ದಂಡು ಪ್ರದೇಶವನ್ನು ಜೋಲಾರಪೇಟೆಗೆ ಜೋಡಿಸಿದ್ದು 1864ರಲ್ಲಿ. ಸೇಲಂ ಮಾರ್ಗವಾದರೋ ಸುಮಾರು ಒಂದು ಶತಮಾನ ಕಳೆದ ಮೇಲೆ, 1960ರ ದಶಕದ ಕೊನೆಯ ಹೊತ್ತಿಗೆ, ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮೀಟರ್ ಗೇಜ್ ದಾರಿಯಾಗಿ ಬಂದು, 1990ರ ದಶಕದಲ್ಲಿ ಬ್ರಾಡ್ ಗೇಜ್‌ಗೆ ಬದಲಾಯಿತು. ಆ ದಾರಿ ಹಾಕಿದಾಗ ಅದರ ಎರಡೂ ಬದಿಗಿದ್ದುದು ರಾಗಿ ಹೊಲ, ತೋಟ, ಕೆರೆಯಂಗಳ. ಹಳ್ಳಿಯಿಂದ ಹಳ್ಳಿಗೆ ಹೋಗುವ ಗಾಡಿದಾರಿ ಹಳಿಯನ್ನು ಅಡ್ಡ ಹಾಯುವಲ್ಲಿ ಮೇಲ್ಸೇತುವೆ ಕಟ್ಟುವ ಅಗತ್ಯ ಯಾರಿಗೂ ಕಂಡಿರಲಿಲ್ಲವಾಗಿ, ರಸ್ತೆಯೂ ಹಳಿಯೂ ಒಂದೇ ಮಟ್ಟದಲ್ಲಿ ಕೂಡುವ ಲೆವೆಲ್ ಕ್ರಾಸಿಂಗ್, ಅಂದರೆ ಜನರ ಬಾಯಲ್ಲಿ ರೈಲ್ವೆ ಗೇಟ್, ಸಾಕೆನಿಸಿತು. ಇಂದು ರಾತ್ರಿಯ ನಿದ್ದೆ ಕೆಡಿಸುತ್ತದೆಂದು ದೂರಿಗೆ ಗುರಿಯಾಗಿರುವ ಹಾರನ್ನಿನ ಮೂಲ ಈ ಅಂದಿನ ಮಿತವ್ಯಯದಲ್ಲಿದೆ.

ಗೇಟು ಮತ್ತು ಸೀಟಿಗಳ ನಂಟು ರೈಲಿನಷ್ಟೇ ಹಳೆಯದು. 1833ರಲ್ಲಿ ಇಂಗ್ಲೆಂಡಿನ ಲೆಸ್ಟರ್–ಸ್ವಾನಿಂಗ್ಟನ್ ಮಾರ್ಗದಲ್ಲಿ ಎಂಜಿನ್ನೊಂದು ಸಂತೆಗೆ ಹೊರಟಿದ್ದ ಗಾಡಿಗೆ ಢಿಕ್ಕಿ ಹೊಡೆದ ಮೇಲೆ ಉಗಿಯಿಂದ ಕೂಗುವ ತುತ್ತೂರಿಯನ್ನು ಎಂಜಿನ್ನಿಗೆ ಜೋಡಿಸಲಾಯಿತು ಎಂಬ ಪ್ರತೀತಿಯಿದೆ. ಭಾರತದಲ್ಲಿ ಸೀಟಿ ಹಾಕುವುದು ಚಾಲಕನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ರೈಲು ಸಂಚಾರವನ್ನು ನಿಯಂತ್ರಿಸುವ 1976ರ ಸಾಮಾನ್ಯ ನಿಯಮಗಳು ಅದನ್ನು ಕರ್ತವ್ಯವೆಂದೇ ವಿಧಿಸುತ್ತವೆ. ಸೀಟಿ ಹಾಕಬೇಕಾದ ಗೇಟಿಗೆ ಸಾಮಾನ್ಯವಾಗಿ 600 ಮೀಟರ್ ಮೊದಲೇ, ಹಳಿಯ ಪಕ್ಕದ ಕಂಬದ ಮೇಲೆ, ಹಳದಿ ಬಣ್ಣದ ಚೌಕ ಫಲಕವೊಂದಿರುತ್ತದೆ. ಅದರಲ್ಲಿ ಕಪ್ಪು ಅಕ್ಷರಗಳಲ್ಲಿ ಬರೆದ 'ಡಬ್ಲ್ಯೂ/ಎಲ್' ಮತ್ತು ಹಿಂದಿಯ 'ಸೀ/ಫಾ' ಎಂಬ ಸಂಕ್ಷೇಪಗಳು ಕಂಡೊಡನೆ ಲೋಕೋ ಪೈಲಟ್ ಹಾರನ್ ಒತ್ತಬೇಕು. ಗಂಟೆಗೆ 100 ಕಿ.ಮೀ. ವೇಗದ ರೈಲು ಈ ದೂರವನ್ನು ಸುಮಾರು 22 ಸೆಕೆಂಡುಗಳಲ್ಲಿ ಕ್ರಮಿಸುವುದರಿಂದ, ಹಳಿಯ ಮೇಲಿರುವವನಿಗೆ ಎಚ್ಚೆತ್ತು ಪಕ್ಕಕ್ಕೆ ಸರಿಯಲು ಸಿಗುವ ಕಾಲ ಅಷ್ಟೇ. ಬ್ರೇಕ್ ಹಾಕಿದರೂ ಆ ಅಂತರದೊಳಗೆ ರೈಲು ನಿಂತೇ ನಿಲ್ಲುತ್ತದೆಂಬ ಭರವಸೆಯಿಲ್ಲ.

ಗೇಟ್‌ಮನ್ ಇರುವಲ್ಲಿ ಸೀಟಿ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಂಟರ್‌ಲಾಕಿಂಗ್ ಇರುವ ಗೇಟಿನಲ್ಲಿ, ಅಂದರೆ ಗೇಟು ಮುಚ್ಚಿ ಬೀಗ ಬಿದ್ದ ಹೊರತು ಸಿಗ್ನಲ್ ಹಸಿರಾಗದಂತೆ ಎರಡನ್ನೂ ಯಂತ್ರದಿಂದ ಬೆಸೆದಿರುವಲ್ಲಿ, ಅಪಾಯದ ಬಹುಪಾಲು ಆಗಲೇ ಕಳೆದಿರುತ್ತದೆ. ಹಾಗಿದ್ದೂ ವಾಹನವೊಂದು ಹಳಿಯ ಮೇಲೆ ಕೆಟ್ಟು ನಿಂತರೆ ಗೇಟ್‌ಮನ್ ಕೆಂಪು ಬಾವುಟ ಹಿಡಿದು ಓಡಬೇಕು. 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರಕ್ಕೆ ಮೂರು ಪಟಾಕಿಗಳನ್ನು, ಅಂದರೆ ಚಕ್ರ ಹರಿದೊಡನೆ ಸಿಡಿದು ಚಾಲಕನನ್ನು ಎಚ್ಚರಿಸುವ ಸಿಡಿಬಿಲ್ಲೆಗಳನ್ನು, ಹಳಿಯ ಮೇಲೆ ಕಟ್ಟಬೇಕು. ಹಾರನ್ ಸದ್ದಿಗೆ ಬೇಸರಪಡುವವರ ಗಮನಕ್ಕೆ ಈ ಒಂಟಿ ನೌಕರನ ಹೊಣೆ ಬರುವುದು ಅಪರೂಪ.

ಇನ್ನೊಂದೆಡೆ, 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್‌ಗಳ ಮಿತಿಯನ್ನು ಹಾಕಿದವು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟು ಸದ್ದಿನ ಕಾಟವಿಲ್ಲದ ನೆಮ್ಮದಿಯನ್ನು ಬದುಕುವ ಹಕ್ಕಿನ ಬೆಳಕಿನಲ್ಲಿ ನೋಡಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳು ಬೃಹತ್ ಬೆಂಗಳೂರಿಗೆ ಸೇರುವ ಹೊತ್ತಿಗಾಗಲೇ ಹಳಿಯ ಬೇಲಿಗೆ ಒತ್ತಿಕೊಂಡು ಅಪಾರ್ಟ್‌ಮೆಂಟುಗಳು ಏಳತೊಡಗಿದ್ದವು. ರೈಲು ಮೊದಲು ಬಂದದ್ದು, ಮನೆ ಆಮೇಲೆ ಬಂದದ್ದು ಎಂಬ ಮಾತಿನಿಂದ ನಿದ್ದೆಗೆಟ್ಟವರ ಕಷ್ಟ ಸುಳ್ಳಾಗುವುದಿಲ್ಲ. ಹಸುಗೂಸಿಗೂ ರೋಗಿಗೂ ಚರಿತ್ರೆಯ ಆ ಅನುಕ್ರಮದಿಂದ ಆಗುವ ಉಪಕಾರವೇನೂ ಇಲ್ಲ.

ಆದರೆ ಆದೇಶದಿಂದಷ್ಟೇ ಸದ್ದಡಗಿಸಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಫ್ಲಾರಿಡಾ ರಾಜ್ಯದ ಅನುಭವವಿದೆ. ಅಲ್ಲಿ 1984ರಿಂದ ಸ್ಥಳೀಯ ಆಡಳಿತಗಳು ರಾತ್ರಿಯ ಹಾರನ್ ನಿಷೇಧಿಸಿದ ಬಳಿಕ ನಿಷೇಧವಿದ್ದ ಗೇಟುಗಳಲ್ಲಿ ರಾತ್ರಿಯ ಅಪಘಾತಗಳು ಸುಮಾರು ಮೂರು ಪಟ್ಟಾದವು. 1991ರಲ್ಲಿ ಕೇಂದ್ರ ರೈಲ್ವೆ ಆಡಳಿತ ತುರ್ತು ಆದೇಶ ಹೊರಡಿಸಿ ಹಾರನ್ನನ್ನು ಮರಳಿ ತರಬೇಕಾಯಿತು. 2005ರಲ್ಲಿ ಜಾರಿಗೆ ಬಂದ ಅಲ್ಲಿನ ನಿಯಮದಂತೆ, ರಸ್ತೆಯನ್ನು ಪೂರ್ತಿ ಅಡ್ಡಗಟ್ಟುವ ನಾಲ್ಕು ತೋಳಿನ ಗೇಟು, ವಾಹನಗಳು ನುಸುಳದಂತೆ ತಡೆಯುವ ವಿಭಜಕ ಇತ್ಯಾದಿಗಳಿಂದ ಅಪಾಯ ತಗ್ಗಿಸಿದ ಊರುಗಳಷ್ಟೇ ನಿಶ್ಶಬ್ದ ವಲಯವಾಗಬಹುದು.

ಭಾರತ ಹಿಡಿದ ದಾರಿ ಇನ್ನೊಂದು: ಗೇಟನ್ನೇ ತೆಗೆಯುವುದು. ರೈಲು ಸುರಕ್ಷತೆ ಕುರಿತ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಎಲ್ಲ ಲೆವೆಲ್ ಕ್ರಾಸಿಂಗ್‌ಗಳನ್ನು ಐದು ವರ್ಷಗಳಲ್ಲಿ ನಿವಾರಿಸಬೇಕೆಂದು ಹೇಳಿತು. ಬ್ರಾಡ್ ಗೇಜ್ ಮಾರ್ಗಗಳ ಕಾವಲಿಲ್ಲದ ಗೇಟುಗಳು 2019ರ ಜನವರಿಯ ಹೊತ್ತಿಗೆ ಇಲ್ಲವಾದವು. ಕಾವಲಿರುವ ಗೇಟುಗಳ ಕೆಲಸ ಮಾತ್ರ ಕುಂಟುತ್ತಿದೆ. ಕಗ್ಗದಾಸಪುರದ ಗೇಟಿನಲ್ಲಿ ಮೇಲ್ಸೇತುವೆ ಬೇಕೆಂಬ ಕೂಗು ವರ್ಷಗಟ್ಟಲೆ ಕೇಳಿಬಂದಿದೆ, ಕಾರ್ಮೆಲರಾಂ ಗೇಟಿನದೂ ಅದೇ ಪಾಡು. ಪಣತ್ತೂರಿನಲ್ಲಿ ಇಕ್ಕಟ್ಟಾಗಿದ್ದ ಕೆಳಸೇತುವೆ ನೋಡಿದವರಿಗೆ, ಗೇಟು ಹೋದರೂ ಸಾಲದು, ಬಂದ ಸೇತುವೆ ಊರಿನ ಅಳತೆಗೆ ತಕ್ಕುದಾಗಿರಬೇಕು ಎಂಬುದು ಮನವರಿಕೆಯಾಗುತ್ತದೆ. ಸೇತುವೆಯ ಅಗತ್ಯವನ್ನು ರೈಲ್ವೆ ಅಳೆಯುವ ಹಳೆಯ ಮಾನ ಟಿ.ವಿ.ಯು., ಅಂದರೆ ದಿನದ ರೈಲುಗಳ ಸಂಖ್ಯೆಯನ್ನು ರಸ್ತೆವಾಹನಗಳ ಸಂಖ್ಯೆಯಿಂದ ಗುಣಿಸಿದಾಗ ಬರುವ ಗುಣಲಬ್ಧ. ಅದು ಒಂದು ಲಕ್ಷ ಮುಟ್ಟಿದಲ್ಲಿ ಸೇತುವೆಗೆ ಅರ್ಹತೆ. ಈ ಲೆಕ್ಕದಲ್ಲಿ ಎತ್ತಿನಗಾಡಿಗೂ ಒಂದು ಸ್ಥಾನವಿದೆ, ಹಳಿ ದಾಟಿ ಕೆಲಸಕ್ಕೆ ನಡೆದುಹೋಗುವ ಮನುಷ್ಯನಿಗಿಲ್ಲ.

ಲೋಕೋ ಪೈಲಟ್‌ಗಳು ಇಂಥ ಜನವಸತಿಯಲ್ಲಿ ಫಲಕವಿಲ್ಲದ ಕಡೆಯೂ ಹಾರನ್ ಒತ್ತುವುದು ಮುಖ್ಯವಾಗಿ ಅವನಿಗಾಗಿಯೇ. 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನ ಪ್ರಕಾರ ಹಳಿಯ ಮೇಲೆ ಅತಿಕ್ರಮಿಸಿ ನಡೆಯುವುದು ಅಪರಾಧ. ಆದರೂ ಸುತ್ತು ರಸ್ತೆ ದೂರವಾದಾಗ ಕಟ್ಟಡ ಕಾರ್ಮಿಕರು, ಮನೆಗೆಲಸದ ಹೆಂಗಸರು ಅಲ್ಲೇ ದಾಟುತ್ತಾರೆ. ಅಪಾರ್ಟ್‌ಮೆಂಟಿನ ನಿಶ್ಶಬ್ದದ ಬೆಲೆಯನ್ನು ಇವರು ತೆರುವಂತಾದರೆ ಅದು ಅನ್ಯಾಯ. ಬೈಯಪ್ಪನಹಳ್ಳಿ–ಹೊಸೂರು ನಡುವಿನ 48 ಕಿ.ಮೀ. ಒಂಟಿದಾರಿಯನ್ನು ಜೋಡಿಮಾರ್ಗವಾಗಿಸುವ ಕೆಲಸ ರೈಲು ಮೂಲಸೌಕರ್ಯ ನಿರ್ಮಿಸುವ ಕೆ-ರೈಡ್ ಸಂಸ್ಥೆಯ ಪಾಲಿಗೆ ಬಂದಿರುವುದರಿಂದ ಈ ಚರ್ಚೆ ಇನ್ನಷ್ಟು ತುರ್ತಿನದಾಗಿದೆ. ಜೋಡಿಮಾರ್ಗದಲ್ಲಿ ಒಂದು ರೈಲು ಹೋದೊಡನೆ ದಾರಿ ತೆರವಾಯಿತೆಂದು ಹೆಜ್ಜೆಯಿಡುವವನಿಗೆ ಎದುರು ಹಳಿಯ ರೈಲು ಕಾಣಿಸದು. ಪಾದಚಾರಿಗಳಿಗೆ ಮೇಲ್ಸೇತುವೆಯೋ ಸುರಂಗದಾರಿಯೋ ಆಗುವವರೆಗೂ ಅವನನ್ನು ತಡೆಯಲು ಹಾರನ್ ಒಂದೇ ಇರುತ್ತದೆ.