ಜೀಲಿಯ ಸಂಬಳ, ಜೀಲಿಯ ಹಾಡು

ಸ್ಪೆಲ್ಲಿಂಗ್ ನೋಡಿ ‘ಗಿಗ್ಲಿ’ ಅಂತ ಓದ್ಬೇಡಿ. ಇಟಲಿಯವರ ಬಾಯಲ್ಲಿ ಅದು ಜೀಲಿ. ಪೂರ್ತಿ ಹೆಸರು ಬೆನಿಯಾಮಿನೊ ಜೀಲಿ. 1890ರಲ್ಲಿ ರೆಕನಾಟಿ ಅನ್ನೋ ಸಣ್ಣ ಊರಲ್ಲಿ ಹುಟ್ಟಿದ. ಅಪ್ಪ ಬೂಟು ಹೊಲಿದು ಮನೆ ನಡೆಸುತ್ತಿದ್ದವರು.

ಒಪೆರಾ ಅಂದ್ರೆ ಮಾತನ್ನೂ ಹಾಡಾಗಿಯೇ ಹೇಳುವ ನಾಟಕ. ಆ ಕಾಲದಲ್ಲಿ ಮೈಕ್ ಇಲ್ಲ. ವೇದಿಕೆ ಮುಂದೆ ಇಡೀ ವಾದ್ಯವೃಂದ ನುಡಿಸುತ್ತಿರುತ್ತೆ, ಅದನ್ನ ದಾಟಿ ದನಿ ಕೊನೇ ಸಾಲಿಗೆ ಮುಟ್ಟಬೇಕು. ಎತ್ತರದ ಸ್ಥಾಯಿಯಲ್ಲಿ ಹಾಡುವ ಗಂಡಸನ್ನ ಟೆನರ್ ಅಂತಾರೆ. ಜೀಲಿಯದು ಅದರಲ್ಲೂ ‘ಲಿರಿಕ್’ ದನಿ. ಅಬ್ಬರ ಕಡಿಮೆ, ಜೇನು ಜಾಸ್ತಿ. 1914ರಲ್ಲಿ ಪಾರ್ಮಾದ ಸ್ಪರ್ಧೆ ಗೆದ್ದ, ಅದೇ ವರ್ಷ ರಂಗಕ್ಕೆ ಬಂದ. 1920ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಸೇರಿದ. ಮರುವರ್ಷ ಅಲ್ಲಿನ ಮಹಾಗಾಯಕ ಕರುಸೊ ತೀರಿಕೊಂಡ. ಆ ಖಾಲಿ ಜಾಗ ಜೀಲಿಯ ಹೆಗಲಿಗೆ ಬಿತ್ತು. ‘ಎರಡನೇ ಕರುಸೊ’ ಅಂದ್ರೆ ಮಾತ್ರ ಅವನಿಗೆ ಇಷ್ಟವಾಗ್ತಿರಲಿಲ್ಲ.

ಈಗ 1932ಕ್ಕೆ ಬನ್ನಿ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ಟಿಕೆಟ್ ಕೊಳ್ಳೋರಿಲ್ಲ. ಎಲ್ಲರ ಸಂಬಳಕ್ಕೂ ಕತ್ತರಿ ಅಂತ ಸಂಸ್ಥೆ ಹೇಳಿತು. ಜೀಲಿ ಒಪ್ಪಲಿಲ್ಲ, ಹೊರಟೇ ಬಿಟ್ಟ. ಕಡಿತ ಒಪ್ಪದವನು ಇವನೊಬ್ಬನೇ ಅಂತ ಮ್ಯಾನೇಜರ್ ಗಟ್ಟಿ-ಕಸಾಜಾ ಪತ್ರಿಕೆಗಳಿಗೆ ಹೇಳಿದ. ಸುದ್ದಿಮನೆಗೆ ಇದಕ್ಕಿಂತ ಬೇರೆ ಏನು ಬೇಕು ಹೇಳಿ? ದುರಾಸೆಯ ಗಾಯಕ, ಕಷ್ಟದಲ್ಲಿರುವ ಸಂಸ್ಥೆ. ಆದ್ರೆ ಒಪ್ಪದವರಲ್ಲಿ ಲಿಲಿ ಪಾನ್ಸ್ ಇದ್ದಳು, ರೋಸಾ ಪಾನ್ಸೆಲ್ ಇದ್ದಳು. ಅಷ್ಟೇ ಅಲ್ಲ, ಹಿಂದಿನ ವರ್ಷವೇ ಮ್ಯಾನೇಜರ್ ತನ್ನ ಸಂಬಳ ಏರಿಸಿಕೊಂಡಿದ್ದ. ಕಡಿತದ ಮೇಲೂ ಅವನ ಕೈಗೆ ಮೊದಲಿನಷ್ಟೇ ಬರುತ್ತಿತ್ತು! ಅತ್ತ ‘ದುರಾಸೆಯ’ ಜೀಲಿ ತನ್ನ ಜೀವಮಾನದಲ್ಲಿ ನೂರಾರು ಸಹಾಯಾರ್ಥ ಕಛೇರಿ ಕೊಟ್ಟವನು.

ಹಾಗಾಗಿ ಸಂಬಳದ ವಿಷಯದಲ್ಲಿ ನಾನು ಜೀಲಿಯ ಪರ. ನನ್ನ ತಕರಾರು ಇರೋದು ಆಮೇಲಿನ ಕಥೆಯ ಮೇಲೆ.

ಇಟಲಿಗೆ ಮರಳಿದಾಗ ಅಲ್ಲಿ ಮುಸೊಲಿನಿಯ ಆಳ್ವಿಕೆ. ಸರ್ವಾಧಿಕಾರಿಗೆ ಜೀಲಿಯ ದನಿ ಅಂದ್ರೆ ಪ್ರಾಣ. 1937ರಲ್ಲಿ ಜೀಲಿ ಫ್ಯಾಸಿಸ್ಟ್ ಪಕ್ಷದ ಗೀತೆ ‘ಜೊವಿನೆಜಾ’ವನ್ನ ರೆಕಾರ್ಡ್ ಮಾಡಿಕೊಟ್ಟ. ಕಲಾವಿದನಿಗೆ ರಾಜಕೀಯ ಯಾಕೆ ಅಂತ ಕೇಳೋರು ಇದ್ದಾರೆ. ಆದ್ರೆ ಅದು ರಾಜಕೀಯದ್ದೇ ಹಾಡು ತಾನೇ? ನ್ಯೂಯಾರ್ಕಿನ ಮ್ಯಾನೇಜರಿಗೆ ‘ಆಗಲ್ಲ’ ಅಂದ ಅದೇ ಬಾಯಿ, ಸರ್ವಾಧಿಕಾರಿಯ ಮೆರವಣಿಗೆಯ ಹಾಡಿಗೆ ಜೇನು ಸುರಿಯಿತು. ಯುದ್ಧ ಕೊನೆಗೊಳ್ಳುತ್ತಿದ್ದಂತೆ ಟೀಕೆ ಮೇಲೆ ಟೀಕೆ.

ಜನ ಏನು ಮಾಡಿದ್ರು ಗೊತ್ತಾ? 1945ರಲ್ಲಿ ಮತ್ತೆ ರಂಗಕ್ಕೆ ಬಂದವನನ್ನ ಮೊದಲಿಗಿಂತ ಜೋರು ಚಪ್ಪಾಳೆಯಿಂದ ಬರಮಾಡಿಕೊಂಡ್ರು. ಹತ್ತು ವರ್ಷ ಹಾಡಿದ. 1955ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ವಿದಾಯದ ಕಛೇರಿ ಕೊಟ್ಟ. ಅರವತ್ತೈದರ ವಯಸ್ಸು. ಎರಡು ವರ್ಷದ ನಂತರ, 1957ರ ನವೆಂಬರ್ 30ರಂದು ರೋಮ್‌ನಲ್ಲಿ ತೀರಿಕೊಂಡ.