ಅಣ್ವಸ್ತ್ರ ಪರೀಕ್ಷೆಯ ವಿಕಿರಣಬಾಧಿತರಿಗೆ ಪರಿಹಾರ (ಅಮೆರಿಕ)

ಅಣ್ವಸ್ತ್ರ ಪರೀಕ್ಷೆಗಳ ವಿಕಿರಣಕ್ಕೆ ಸಿಕ್ಕವರಿಗೂ ಆ ಅಸ್ತ್ರಗಳಿಗಾಗಿ ಯುರೇನಿಯಂ ಅಗೆದವರಿಗೂ ಅಮೆರಿಕದ ಒಕ್ಕೂಟ ಸರ್ಕಾರ ಹಣ ಕೊಡುವ ವ್ಯವಸ್ಥೆ ಶುರುವಾದದ್ದು 1990ರ ಅಕ್ಟೋಬರ್ 15ರ ಕಾಯ್ದೆಯಿಂದ. 2000ದಲ್ಲಿ ತಿದ್ದುಪಡಿಗೊಂಡ ಈ ಕಾಯ್ದೆಯ ಅವಧಿ 2024ರ ಜೂನ್‌ನಲ್ಲಿ ಮುಗಿಯಿತು. 2025ರ ಜುಲೈ 4ರಂದು ಹಿಂದೆಂದಿಗಿಂತ ವಿಶಾಲವಾಗಿ ಅದು ಮರಳಿ ಜಾರಿಗೆ ಬಂತು. 2024ರ ಹೊತ್ತಿಗೆ 41,000ಕ್ಕೂ ಹೆಚ್ಚು ಅರ್ಜಿಗಳಿಗೆ ಸುಮಾರು 260 ಕೋಟಿ ಡಾಲರ್ ಸಂದಾಯವಾಗಿತ್ತು. ಈ ವಿಸ್ತರಣೆಯನ್ನು ಔದಾರ್ಯವೆಂದೋ ಚುನಾವಣೆಯ ಲೆಕ್ಕಾಚಾರವೆಂದೋ ಬಣ್ಣಿಸುವುದುಂಟು. ಮೊದಲ ಕಾಯ್ದೆ ಎಳೆದ ಗಡಿಗಳ ಆಧಾರವನ್ನು ಪರಿಶೀಲಿಸಿದರೆ, ಇದನ್ನು ಬಹಳ ತಡವಾಗಿ, ಅದೂ ಅರ್ಧಂಬರ್ಧವಾಗಿ ನಡೆದ ತಿದ್ದುಪಾಟು ಎನ್ನುವುದೇ ಹೆಚ್ಚು ಸರಿ.

ನ್ಯಾಯಾಲಯದಿಂದ ಶಾಸನಕ್ಕೆ

ನೆವಾಡ ಪರೀಕ್ಷಾ ಕ್ಷೇತ್ರದಲ್ಲಿ 1951ರ ಜನವರಿಯಿಂದ 1962ರವರೆಗೆ ಸುಮಾರು 100 ಸ್ಫೋಟಗಳು ಬಯಲಿನಲ್ಲೇ ನಡೆದವು. ಗಾಳಿ ದೊಡ್ಡ ನಗರಗಳ ಕಡೆ ಬೀಸದ ದಿನ ನೋಡಿ ಸಿಡಿಸುತ್ತಿದ್ದುದರಿಂದ ಧೂಳು ಬಹುಮಟ್ಟಿಗೆ ಪೂರ್ವಕ್ಕೆ, ಯೂಟಾದ ಬೇಸಾಯದ ಊರುಗಳ ಮೇಲೆ ಇಳಿಯಿತು. 1953ರಲ್ಲಿ ಅಲ್ಲಿ ಸಾವಿರಾರು ಕುರಿಗಳು ಸತ್ತವು. ಕುರಿಗಾರರ ದಾವೆ 1956ರಲ್ಲಿ ಬಿದ್ದುಹೋಯಿತು. ಆ ತೀರ್ಪು ಕೊಟ್ಟಿದ್ದ ನ್ಯಾಯಾಧೀಶ ಶರ್ಮನ್ ಕ್ರಿಸ್ಟೆನ್ಸನ್ ಅವರೇ 1982ರಲ್ಲಿ, ಸರ್ಕಾರ ತಮ್ಮೆದುರು ಸತ್ಯ ಮರೆಮಾಚಿತ್ತೆಂದು ಕಂಡುಕೊಂಡು ಮರುವಿಚಾರಣೆಗೆ ಆದೇಶಿಸಿದರು. ಮೇಲ್ಮನವಿಯಲ್ಲಿ ಅದೂ ನಿಲ್ಲಲಿಲ್ಲ. ಮನುಷ್ಯರ ದಾವೆಯ ಗತಿಯೂ ಇದೇ ಆಯಿತು. ಸುಮಾರು 1,200 ವಾದಿಗಳ ಪರವಾಗಿ ಮಾದರಿಗೆಂದು ಆರಿಸಿದ 24 ಪ್ರಕರಣಗಳಲ್ಲಿ ಹತ್ತನ್ನು ನ್ಯಾಯಾಧೀಶ ಬ್ರೂಸ್ ಜೆಂಕಿನ್ಸ್ 1984ರಲ್ಲಿ ಎತ್ತಿಹಿಡಿದರು. ಪರೀಕ್ಷೆ ನಡೆಸುವುದು ಸರ್ಕಾರದ ವಿವೇಚನೆಗೆ ಬಿಟ್ಟ ನೀತಿ ನಿರ್ಧಾರ, ಅದರ ಮೇಲೆ ದಾವೆ ನಡೆಯದು ಎಂದು 1987ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ನವಾಹೊ ಬುಡಕಟ್ಟಿನ ಗಣಿ ಕಾರ್ಮಿಕರೂ 1985ರಲ್ಲಿ ಬಹುಪಾಲು ಇದೇ ಕಾರಣಕ್ಕೆ ಸೋತಿದ್ದರು. ಆದ್ದರಿಂದ 1990ರ ಕಾಯ್ದೆ ಬೇರೆ ದಾರಿ ಹಿಡಿಯಿತು. ರಾಷ್ಟ್ರದ ಪರವಾಗಿ ಕ್ಷಮೆ ಕೋರಿದ ಅದು, ಈ ಕ್ಯಾನ್ಸರ್ ಆ ಬಾಂಬಿನಿಂದಲೇ ಬಂತೆಂದು ಸಾಬೀತುಮಾಡುವ ಹೊರೆಯನ್ನು ರೋಗಿಯ ಮೇಲೆ ಹಾಕಲಿಲ್ಲ. ಗೊತ್ತುಪಡಿಸಿದ ಸ್ಥಳದಲ್ಲಿ, ಗೊತ್ತುಪಡಿಸಿದ ಅವಧಿಯಲ್ಲಿ ವಾಸವಿದ್ದು, ಪಟ್ಟಿಯಲ್ಲಿರುವ ರೋಗ ಬಂದಿದ್ದರೆ ಸಾಕು. ಗಾಳಿಯ ಪಥದಲ್ಲಿದ್ದ ನಿವಾಸಿಗೆ 50,000 ಡಾಲರ್, ಗಣಿ ಕಾರ್ಮಿಕನಿಗೆ 1,00,000 ಡಾಲರ್.

ಅಯೋಡಿನ್-131 ಮತ್ತು ನಕ್ಷೆಯ ಗಡಿ

ಈ ಸೂತ್ರದ ಭಾರವೆಲ್ಲ ಬೀಳುವುದು ನಕ್ಷೆಯ ಮೇಲೆ. ಮೊದಲ ನಕ್ಷೆಯಲ್ಲಿದ್ದದ್ದು ಯೂಟಾ, ನೆವಾಡ, ಅರಿಜೋನಗಳ ಕೆಲವು ಕೌಂಟಿಗಳು ಮಾತ್ರ, ಸ್ಫೋಟದ ಜಾಗಕ್ಕೆ ಹತ್ತಿರ ಇದ್ದಷ್ಟೂ ಅಪಾಯ ಹೆಚ್ಚು ಎಂಬ ಊಹೆಗೆ ಹೊಂದುವಂತೆ. ಒಣ ಧೂಳಿನ ಮಟ್ಟಿಗೆ ಈ ಊಹೆ ಸ್ಥೂಲವಾಗಿ ನಿಜ. ಅಯೋಡಿನ್-131ರ ಮಟ್ಟಿಗೆ ಅಲ್ಲ. ಅದರ ಅರ್ಧಾಯು ಎಂಟು ದಿನ. ಮೋಡದ ಜೊತೆ ದೇಶವನ್ನೇ ದಾಟಲು ಅಷ್ಟು ಧಾರಾಳವಾಗಿ ಸಾಕು. ಮಳೆ ಬಂದಲ್ಲಿ ಅದು ಒಮ್ಮೆಲೇ ನೆಲಕ್ಕೆ ಇಳಿಯುತ್ತದೆ. 1953ರ ಏಪ್ರಿಲ್‌ನಲ್ಲಿ ನೆವಾಡದ ಸ್ಫೋಟವೊಂದರ ಧೂಳು ಮೂರು ಸಾವಿರ ಕಿಲೊಮೀಟರಿಗೂ ಆಚೆ, ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನಲ್ಲಿ ಗುಡುಗುಮಳೆಯೊಂದಿಗೆ ಸುರಿಯಿತು. ಹುಲ್ಲಿನ ಮೇಲೆ ಕೂತ ಅಯೋಡಿನ್, ವಿಶಾಲ ಹುಲ್ಲುಗಾವಲನ್ನು ಮೇಯುವ ಹಸುವಿನ ಹಾಲಿನಲ್ಲಿ ಒಂದೆರಡು ದಿನದೊಳಗೇ ಕಾಣಿಸಿಕೊಳ್ಳುತ್ತದೆ. ಮಗುವಿನ ಥೈರಾಯ್ಡ್ ಗ್ರಂಥಿ ಚಿಕ್ಕದು, ಕುಡಿಯುವ ಹಾಲು ಹೆಚ್ಚು. ಹೀಗಾಗಿ ಒಂದೇ ಮನೆಯಲ್ಲಿ ಒಂದೇ ಹಾಲು ಕುಡಿದರೂ ಮಗುವಿನ ಗ್ರಂಥಿಗೆ ತಗಲುವ ವಿಕಿರಣ ದೊಡ್ಡವರಿಗಿಂತ ಹಲವು ಪಟ್ಟು. ಅಂಗಡಿಯ ಹಾಲು ಕೈಸೇರುವಷ್ಟರಲ್ಲಿ ವಿಕಿರಣ ಕೊಂಚ ಕುಂದಿರುತ್ತದೆ. ಹಿತ್ತಲಿನ ಹಸು, ಮೇಕೆಯ ಹಾಲಿಗೆ ಆ ಬಿಡುವೂ ಇಲ್ಲ. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೆವಾಡದ ಪರೀಕ್ಷೆಗಳಿಂದ ಹೊರಬಿದ್ದ ಅಯೋಡಿನ್-131 ಸುಮಾರು 15 ಕೋಟಿ ಕ್ಯೂರಿ. ಸರಾಸರಿ ಪ್ರಮಾಣ ಅತಿ ಹೆಚ್ಚಿದ್ದ ಕೌಂಟಿಗಳಲ್ಲಿ ಹೆಚ್ಚಿನವು ಮೊಂಟಾನ, ಐಡಹೊಗಳಲ್ಲಿದ್ದವು. ಇವೆರಡೂ ಆಗ ನಕ್ಷೆಯ ಹೊರಗಿದ್ದವು. ಕೌಂಟಿಯ ಸರಾಸರಿ ಒಬ್ಬ ವ್ಯಕ್ತಿಯ ಅಳತೆಯಲ್ಲ, ಅಂದಾಜಿನ ಅನಿಶ್ಚಿತತೆಯೂ ದೊಡ್ಡದು ಎಂಬುದನ್ನು ಮರೆಯುವಂತಿಲ್ಲ. ಆದರೂ, ಲೆಕ್ಕ ಕೈಯಲ್ಲಿರಲಿಲ್ಲ ಎಂಬ ಸಮಜಾಯಿಷಿ 1990ಕ್ಕೆ ಸಲ್ಲಬಹುದು, 2000ದ ತಿದ್ದುಪಡಿಗೆ ಸಲ್ಲುವುದಿಲ್ಲ.

ನ್ಯೂ ಮೆಕ್ಸಿಕೊ ಹೊರಗುಳಿದದ್ದಂತೂ ಇನ್ನೂ ವಿಚಿತ್ರ. ಜಗತ್ತಿನ ಮೊದಲ ಅಣುಸ್ಫೋಟ, ಟ್ರಿನಿಟಿ, 1945ರ ಜುಲೈ 16ರ ನಸುಕಿನಲ್ಲಿ ನಡೆದದ್ದು ಅಲ್ಲೇ. ಸುತ್ತಲ ಜನರಿಗೆ ಮುನ್ಸೂಚನೆ ಇರಲಿಲ್ಲ. ಅವರಲ್ಲಿ ಹಲವರು ಚಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುತ್ತಿದ್ದರು. ಕಾಯ್ದೆಯ ನಕ್ಷೆಗೆ ಆ ರಾಜ್ಯದ ನಿವಾಸಿಗಳು ಸೇರಿದ್ದು 80 ವರ್ಷ ಕಳೆದ ಮೇಲೆ.

ವಿಸ್ತರಣೆ, ಆಕ್ಷೇಪಗಳು

ಅತ್ಯಂತ ತೂಕದ ಆಕ್ಷೇಪ ವಿಜ್ಞಾನದ ಕಡೆಯಿಂದಲೇ ಬಂದದ್ದು. ರಾಷ್ಟ್ರೀಯ ಸಂಶೋಧನಾ ಮಂಡಳಿಯ 2005ರ ವರದಿ, ನಕ್ಷೆಯನ್ನು ಹಿಗ್ಗಿಸುವ ಬದಲು ಪ್ರತಿ ಅರ್ಜಿದಾರನ ರೋಗಕ್ಕೆ ವಿಕಿರಣ ಕಾರಣವಾಗಿರುವ ಸಂಭಾವ್ಯತೆಯನ್ನು ಲೆಕ್ಕ ಹಾಕಬೇಕೆಂದು ಸೂಚಿಸಿತು. ಹಾಗೆ ಮಾಡಿದರೆ ಅರ್ಹರಾಗುವವರು ಕೆಲವೇ ಮಂದಿ ಎಂದೂ ಎಚ್ಚರಿಸಿತು. ಕ್ಯಾನ್ಸರ್ ಹೇಗಿದ್ದರೂ ಸಾಮಾನ್ಯ ರೋಗ. ಹಣ ಪಡೆದವರಲ್ಲಿ ಹಲವರಿಗೆ ಅದು ಬೇರೆ ಕಾರಣದಿಂದ ಬಂದಿರಬಹುದು ಎಂಬುದನ್ನು ಒಪ್ಪಲೇಬೇಕು. ಆದರೆ ಆ ವಿಧಾನವನ್ನು ಪ್ರಯೋಗಿಸಿ ನೋಡಿದ್ದಾಗಿದೆ. ಅಣ್ವಸ್ತ್ರ ಸ್ಥಾವರಗಳ ನೌಕರರಿಗಾಗಿ 2000ದಲ್ಲಿ ಬಂದ ಪ್ರತ್ಯೇಕ ಕಾಯ್ದೆ ಇದೇ ಲೆಕ್ಕವನ್ನು ಬಳಸುತ್ತದೆ. ದಾಖಲೆ ಸಾಲದ ಕಡೆ ಅದೂ ಲೆಕ್ಕವನ್ನು ಬದಿಗಿಟ್ಟು, ಇಂಥ ಸ್ಥಾವರದಲ್ಲಿ ಇಷ್ಟು ದಿನ ದುಡಿದವರೆಲ್ಲ ಅರ್ಹರು ಎಂದು ಗುಂಪಾಗಿಯೇ ಒಪ್ಪಿಕೊಳ್ಳಬೇಕಾಯಿತು. ಸರ್ಕಾರದ್ದೇ ಸ್ಥಾವರದಲ್ಲಿ ದುಡಿದವರ ವಿಷಯದಲ್ಲೇ ಹೀಗಾದರೆ, 1953ರಲ್ಲಿ ಹಾಲು ಕುಡಿದ ಮಗುವಿನ ಲೆಕ್ಕ ಯಾವ ದಾಖಲೆಯಿಂದ ಸಿಗಬೇಕು? ಅಳೆಯದೆ ಬಿಟ್ಟವರು ಅಳತೆ ಇಲ್ಲವೆಂಬ ಕಾರಣ ಹೇಳುವುದು ಸರಿಯಲ್ಲ.

ಎರಡನೆಯ ಆಕ್ಷೇಪ ವೆಚ್ಚದ್ದು. ರಾಜಕೀಯವಾಗಿ ಗೆಲ್ಲುತ್ತ ಬಂದದ್ದು ಇದೇ: 2023ರ ಡಿಸೆಂಬರ್‌ನಲ್ಲಿ ವಿಸ್ತರಣೆಯನ್ನು ರಕ್ಷಣಾ ಮಸೂದೆಯಿಂದ ಕೈಬಿಡಲಾಯಿತು, 2024ರ ಮಾರ್ಚ್‌ನಲ್ಲಿ ಸೆನೆಟ್ 69–30 ಮತಗಳಿಂದ ಒಪ್ಪಿದರೂ ಕೆಳಮನೆ ಅದನ್ನು ಮತಕ್ಕೆ ಹಾಕಲಿಲ್ಲ. 2025ರ ಕಾಯ್ದೆ ಯೂಟಾ, ಐಡಹೊ, ನ್ಯೂ ಮೆಕ್ಸಿಕೊಗಳನ್ನು ಪೂರ್ತಿಯಾಗಿ ಸೇರಿಸಿ ನಿವಾಸಿಗಳ ಪರಿಹಾರವನ್ನು 1,00,000 ಡಾಲರಿಗೆ ಏರಿಸಿತು. ಸರ್ಕಾರವೊಂದೇ ಯುರೇನಿಯಂ ಕೊಳ್ಳುತ್ತಿದ್ದ ಕಾಲಕ್ಕೆ ಸರಿಯಾಗಿ 1971ಕ್ಕೆ ನಿಂತಿದ್ದ ಕಾರ್ಮಿಕರ ಅವಧಿ 1990ರವರೆಗೆ ಚಾಚಿತು. ಬಾಂಬ್ ಯೋಜನೆಯ ತ್ಯಾಜ್ಯದಿಂದ ಬಾಧಿತವಾದ ಮಿಸೌರಿ, ಟೆನಿಸಿ, ಕೆಂಟಕಿ, ಅಲಾಸ್ಕಗಳ ಕೆಲವು ಪ್ರದೇಶಗಳೂ ಒಳಬಂದವು. ಮೊಂಟಾನ ಮತ್ತು ಪೆಸಿಫಿಕ್ ದ್ವೀಪವಾದ ಗ್ವಾಮ್ ಮತ್ತೆ ಹೊರಗುಳಿದವು. ಅರ್ಜಿಗೆ ಕೊನೆಯ ದಿನ 2027ರ ಡಿಸೆಂಬರ್ 31.

ಇತರ ದೇಶಗಳು

ಫ್ರಾನ್ಸಿನ 2010ರ ಕಾಯ್ದೆ ಅಲ್ಜೀರಿಯ ಮತ್ತು ಪಾಲಿನೇಷ್ಯದ ಪರೀಕ್ಷೆಗಳಿಗೆ ಸಂಬಂಧಿಸಿದ್ದು. ಅಪಾಯ ನಗಣ್ಯವೆನಿಸಿದರೆ ಪರಿಹಾರವಿಲ್ಲ ಎಂಬ ಷರತ್ತಿನಿಂದಾಗಿ ಮೊದಲ ವರ್ಷಗಳಲ್ಲಿ ಬಹುತೇಕ ಅರ್ಜಿಗಳು ತಿರಸ್ಕೃತವಾದವು; 2017ರಲ್ಲಿ ಷರತ್ತನ್ನು ತೆಗೆದು, ಮರುವರ್ಷ ವಾರ್ಷಿಕ 1 ಮಿಲಿಸೀವರ್ಟ್ ವಿಕಿರಣದ ಮಿತಿಯನ್ನು ತರಲಾಯಿತು. ಅಮೆರಿಕ 67 ಪರೀಕ್ಷೆ ನಡೆಸಿದ ಮಾರ್ಷಲ್ ದ್ವೀಪಗಳಲ್ಲಿ ಪ್ರತ್ಯೇಕ ನ್ಯಾಯಮಂಡಳಿ 200 ಕೋಟಿ ಡಾಲರಿಗೂ ಮೀರಿದ ಪರಿಹಾರ ಘೋಷಿಸಿತು. ಅದಕ್ಕೆ ಆಧಾರವಾಗಿದ್ದ ನಿಧಿ 15 ಕೋಟಿ ಡಾಲರ್. ಘೋಷಿತ ಮೊತ್ತದ ಬಹುಭಾಗ ಬಾಕಿ ಉಳಿದಿದೆ.