ಆಟದವರ ಬಾಯಿ ಕಟ್ಟಿದ ಕಾಯ್ದೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಜಾತ್ರೆ ಬಂತೆಂದರೆ ನಾಟಕ ಇರಲೇಬೇಕು. ಸ್ಟೇಜ್ ಕಟ್ಟುವ ಮೊದಲು ಠಾಣೆಗೆ ಹೋಗಿ ಪರವಾನಗಿ ಕೇಳುವುದೂ ನಮಗೆ ರೂಢಿ. ನಾಟಕಕ್ಕೂ ಪೊಲೀಸರಿಗೂ ಏನು ಸಂಬಂಧ ಎಂದು ಮಾತ್ರ ನಾವು ಕೇಳುವುದಿಲ್ಲ. ಅದಕ್ಕೆ ಉತ್ತರ ಬ್ರಿಟಿಷರ ಕಾಲದಲ್ಲಿದೆ.

ಬಂಗಾಳದಲ್ಲಿ ನೀಲಿ ಬೆಳೆಯುವ ರೈತರ ಮೇಲೆ ಬಿಳಿಯ ಮಾಲೀಕರು ನಡೆಸುತ್ತಿದ್ದ ದಬ್ಬಾಳಿಕೆಯನ್ನು ದೀನಬಂಧು ಮಿತ್ರ 1860ರಲ್ಲಿ 'ನೀಲದರ್ಪಣ' ನಾಟಕದಲ್ಲಿ ತೋರಿಸಿದರು. ಮುಂದೆ ಇಂಥ ನಾಟಕಗಳು ಹೆಚ್ಚಿದವು. ಓದು ಬಾರದವರೂ ನಾಟಕ ನೋಡಿ ಸರ್ಕಾರವನ್ನು ಪ್ರಶ್ನಿಸಬಲ್ಲರು ಎಂಬುದು ಬ್ರಿಟಿಷರಿಗೆ ತಿಳಿಯಿತು. 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ಬಂತು. ನಿಷೇಧಿಸಿದ ನಾಟಕ ಆಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆಡಿದವರಿಗಷ್ಟೇ ಅಲ್ಲ, ನಿಷೇಧ ಗೊತ್ತಿದ್ದೂ ನೋಡಲು ಕೂತವರಿಗೂ, ಜಾಗ ಕೊಟ್ಟವರಿಗೂ ಶಿಕ್ಷೆ ಇತ್ತು.

ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದೇ ಪ್ರಾಂತದಲ್ಲಿ 1907ರಲ್ಲಿ ಕೃಷ್ಣಾಜಿ ಪ್ರಭಾಕರ ಖಾಡಿಲಕರರ ಮರಾಠಿ ನಾಟಕ 'ಕೀಚಕವಧ' ರಂಗಕ್ಕೆ ಬಂತು. ಕಥೆ ಮಹಾಭಾರತದ್ದು. ಆದರೆ ದ್ರೌಪದಿ ಎಂದರೆ ಭಾರತ, ಕೀಚಕ ಎಂದರೆ ವೈಸರಾಯ್ ಆಗಿದ್ದ ಕರ್ಜನ್ ಎಂದು ನೋಡಿದವರಿಗೆ ಅರ್ಥವಾಯಿತು. ಸರ್ಕಾರಕ್ಕೂ ಅರ್ಥವಾಯಿತು. 1910ರಲ್ಲಿ ನಾಟಕಕ್ಕೆ ನಿಷೇಧ ಬಿತ್ತು.

ಇದು ನಮ್ಮ ದೇಶದ ಕಥೆಯಷ್ಟೇ ಅಲ್ಲ. ಫಿಲಿಪ್ಪೀನ್ಸ್ ದ್ವೀಪಗಳು 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಹೋದವು. ಅಮೆರಿಕದವರು 1901ರಲ್ಲೇ ರಾಜದ್ರೋಹದ ಕಾನೂನು ಮಾಡಿದರು. 1903ರಲ್ಲಿ ಔರೆಲಿಯೊ ತೊಲೆಂತಿನೊ ಮನಿಲಾದಲ್ಲಿ 'ನಿನ್ನೆ, ಇಂದು, ನಾಳೆ' ಎಂಬ ಅರ್ಥದ ಹೆಸರಿನ ನಾಟಕ ಆಡಿಸಿದರು. ಅದರಲ್ಲಿ ತಾಯ್ನಾಡೇ ಒಂದು ಪಾತ್ರ. ತೊಲೆಂತಿನೊ ಅವರನ್ನು ಬಂಧಿಸಿ ಶಿಕ್ಷೆ ಕೊಟ್ಟರು. ನಮ್ಮಲ್ಲಿ ದ್ರೌಪದಿ, ಅವರಲ್ಲಿ ತಾಯಿ; ಆಳುವವರ ಅಂಜಿಕೆ ಮಾತ್ರ ಎರಡೂ ಕಡೆ ಒಂದೇ.

ನಮ್ಮ ಸೀಮೆಯ ಆಟಗಳಿಗೆ ಈ ಜಾಣತನ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಮನೆಮಾತು ಮಾಡಿದವರಲ್ಲಿ ಕುಲಗೋಡ ತಮ್ಮಣ್ಣ ದೊಡ್ಡ ಹೆಸರು. ಕುಲಗೋಡ ಈಗ ಮೂಡಲಗಿ ತಾಲೂಕಿನಲ್ಲಿದೆ. ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ಅದನ್ನು ಬೆಳೆಸಿದರು. ಸತ್ಯಭಾಮೆಯ ಗರ್ವದ ಕಥೆಯ ನಡುವೆ ಭಾಗವತನೂ ದೂತಿಯೂ ಮಾತಿಗೆ ಮಾತು ಬೆಳೆಸುತ್ತಾರೆ. ದೇವರ ಮನೆಯ ಜಗಳದಲ್ಲಿ ನಮ್ಮೂರಿನ ದೊಡ್ಡವರ ಸುದ್ದಿಯೂ ಬಂದುಹೋಗುತ್ತದೆ. ಆ ಮಾತು ಪುಸ್ತಕದಲ್ಲಿ ಇರುವುದಿಲ್ಲ, ಹಾಗಾಗಿ ಅದನ್ನು ಮುಂಚೆಯೇ ತಿದ್ದಲು ಯಾವ ಅಧಿಕಾರಿಗೂ ಆಗುವುದಿಲ್ಲ.

ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಬಯಲಾಟದ ಗುಣವನ್ನೇ ಹಿಡಿದು 'ಜೋಕುಮಾರಸ್ವಾಮಿ' ಬರೆದರು. 1972ರಲ್ಲಿ ಅದು ರಂಗಕ್ಕೆ ಬಂತು. ಜೋಕುಮಾರನ ಹುಣ್ಣಿಮೆಯ ಕಥೆಯೊಳಗೆ ಅವರು ಇಟ್ಟಿದ್ದು ಗೌಡನಿಗೂ ಉಳುವ ಬಸಣ್ಣನಿಗೂ ಭೂಮಿಗಾಗಿ ನಡೆದ ಹೋರಾಟ.

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟಿತು. ಹಳೆಯ ಕಾಯ್ದೆ ಮಾತ್ರ ಉಳಿಯಿತು. 1953ರಲ್ಲಿ ಲಖನೌದಲ್ಲಿ ಪ್ರೇಮಚಂದರ 'ಈದ್‌ಗಾಹ್' ಕಥೆಯ ನಾಟಕ ಆಡಿದವರ ಮೇಲೆ ಅದೇ ಕಾಯ್ದೆಯಡಿ ಕೇಸು ಬಿತ್ತು. 1956ರಲ್ಲಿ ಅಲಹಾಬಾದ್ ಹೈಕೋರ್ಟ್ ಆ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಅಷ್ಟಾದರೂ 1964ರಲ್ಲಿ ನಮ್ಮ ರಾಜ್ಯ ತನ್ನದೇ ನಾಟಕ ಪ್ರದರ್ಶನ ಕಾಯ್ದೆ ಮಾಡಿಕೊಂಡಿತು. 1876ರ ಕಾಯ್ದೆಯನ್ನು ಸಂಸತ್ತು ರದ್ದು ಮಾಡಿದ್ದು 2017ರಲ್ಲಿ.

ಈಗ ಊರ ನಾಟಕದ ಬಾಯಿ ಕಟ್ಟಲು ಕಾಯ್ದೆಯೇ ಬೇಕೆಂದಿಲ್ಲ ಎಂಬುದು ನಮ್ಮ ಅನಿಸಿಕೆ. ಸ್ಟೇಜಿನ ಖರ್ಚು ಒಬ್ಬ ಮುಖಂಡ ಕೊಟ್ಟು, ಮುಂದಿನ ಕುರ್ಚಿಯಲ್ಲಿ ಅವರೇ ಕೂತರೆ ಭಾಗವತ ಯಾರ ಮೇಲೆ ಚೇಷ್ಟೆ ಮಾಡಿಯಾನು? ಹತ್ತು ಸೆಕೆಂಡಿನ ತುಣುಕು ಮೊಬೈಲಿನಲ್ಲಿ ಹರಿದಾಡಿ ಜಗಳ ಎದ್ದೀತೆಂಬ ಅಂಜಿಕೆ ಬೇರೆ. ಬ್ರಿಟಿಷರು ಆಡಿದ ಮೇಲೆ ಹಿಡಿಯುತ್ತಿದ್ದರು, ನಾವು ಆಡುವ ಮೊದಲೇ ನುಂಗುತ್ತೇವೆ.

ಟೀಕೆ ಬೇರೆ, ಒಬ್ಬರ ಜಾತಿ ಹಿಡಿದು ಹೀಯಾಳಿಸುವುದು ಬೇರೆ. ಎರಡನೆಯದಕ್ಕೆ ನಾವು ಜಾಗ ಕೇಳುತ್ತಿಲ್ಲ. ಆದರೆ ರಸ್ತೆ, ನೀರು, ಲಂಚದ ಮಾತು ಊರ ಸ್ಟೇಜಿನ ಮೇಲೆ ಬರಲೇಬೇಕು. ಅದಕ್ಕೆ ದಾರಿಯೂ ಹಳೆಯದೇ: ಮನೆಮನೆಗೆ ಪಟ್ಟಿ ಎತ್ತಿ ಆಟ ಆಡಿಸುವುದು. ಮನೆಗೆ ಐವತ್ತು ರೂಪಾಯಿ ಬಂದರೂ ಆಟ ಊರಿನದಾಗುತ್ತದೆ, ಒಬ್ಬರ ಹಂಗಿನದಾಗುವುದಿಲ್ಲ. ಈ ಸಲದ ಜಾತ್ರೆಯ ಮೀಟಿಂಗಿನಲ್ಲಿ ಈ ಮಾತು ಎತ್ತಿ ನೋಡಿ.